ಉಸಿರು ಬಿಗಿಹಿಡಿಯಬೇಡಿ: ಖಾಕಿ ತೊಟ್ಟ ನನ್ನ ಬಳಗಕ್ಕೊಂದು ಬಹಿರಂಗ ಪತ್ರ

ಸಾರಿಗೆ ನಿಗಮಗಳ ಡ್ರೈವರ್, ಕಂಡಕ್ಟರ್ ಮತ್ತು ಡಿಪೋ ಮೆಕ್ಯಾನಿಕ್ ಬಂಧುಗಳೇ,



ಮೂವತ್ತೊಂದು ವರ್ಷ ಹೆಗಲಿಗೆ ಚರ್ಮದ ಚೀಲ ನೇತುಹಾಕಿಕೊಂಡು ಬಸ್ಸಿನೊಳಗೆ ಓಡಾಡಿದವನು ನಾನು. ಮೊದಲು ಟಿಕೆಟ್ ಟ್ರೇ, ಆಮೇಲೆ ಮಷಿನ್ನು. ಹೆಚ್ಚಿನ ಕಾಲ ಹಾಸನ–ಮಂಗಳೂರು ರೂಟು. ಶಿರಾಡಿ ಘಾಟಿ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ನಿವೃತ್ತನಾಗಿ ಆರು ವರ್ಷವಾಯಿತು. ಈಗಲೂ ಬಸ್ಸು ಹತ್ತಿದರೆ ಡ್ರೈವರ್ ಸೀಟಿನ ಹಿಂದೆಯೇ ಜಾಗ ಹುಡುಕುತ್ತೇನೆ. ನಿಮ್ಮ ಕತ್ತು, ಸೊಂಟದ ಬೆಲ್ಟು, ಸ್ಟೀರಿಂಗ್ ಮೇಲೆ ಬಿಗಿದ ಬೆರಳು ನೋಡುತ್ತಾ ಕೂರುವ ಚಟ ಹೋಗಿಲ್ಲ. ಹಾಗೆ ನೋಡಿ ನೋಡಿಯೇ ಈ ಪತ್ರ ಬರೆಯಬೇಕು ಅನ್ನಿಸಿದ್ದು.

2024ರ ನವೆಂಬರಿನಲ್ಲಿ ನೆಲಮಂಗಲದ ಕಡೆ ಬಿಎಂಟಿಸಿ ಬಸ್ಸಿನಲ್ಲಿ ನಡೆದದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಬಸ್ಸು ಓಡಿಸುತ್ತಿದ್ದ ಡ್ರೈವರ್ ಹೃದಯಾಘಾತವಾಗಿ ಸೀಟಿನಲ್ಲೇ ವಾಲಿದ. ಕಂಡಕ್ಟರ್ ನುಗ್ಗಿ ಬಂದು ಸ್ಟೀರಿಂಗ್ ಹಿಡಿದು ಬಸ್ಸು ನಿಲ್ಲಿಸಿದ. ಪ್ರಯಾಣಿಕರು ಉಳಿದರು, ಡ್ರೈವರ್ ಉಳಿಯಲಿಲ್ಲ. ಅವನಿಗೆ ಬಿಪಿ ಇತ್ತೋ ಇಲ್ಲವೋ, ಅದನ್ನು ಊಹಿಸುವ ಹಕ್ಕು ನನಗಿಲ್ಲ. ಆದರೆ ಆ ವಾರ ಯಾವ ಡಿಪೋಗೆ ಹೋದರೂ ಅದೇ ಮಾತು. ಮರುವರ್ಷದ ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಸಾಲು ಸಾಲಾಗಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸರದಿ ನಿಂತರು. ಹೆದರಿಕೆ ನಮ್ಮಲ್ಲಿ ಹೀಗೇ, ಹದಿನೈದು ದಿನದ ಜಾತ್ರೆ. ಆ ಹದಿನೈದು ದಿನದಲ್ಲಿ ಅರ್ಧ ಜನ ಜಿಮ್ಮಿಗೆ ಓಡುತ್ತಾರೆ. ಇನ್ನರ್ಧ ಜನ 'ವ್ಯಾಯಾಮ ಮಾಡಿದವರೇ ಸಾಯ್ತಾರೆ ಕಣಯ್ಯ' ಅಂತ ಇದ್ದ ನಡಿಗೆಯನ್ನೂ ಬಿಡುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ. ನಿಮ್ಮನ್ನು ಕೆಡವುವುದು ದೇಹಕ್ಕೆ ಕೊಡುವ ಕೆಲಸವಲ್ಲ. ಬಿಗಿಹಿಡಿದ ಉಸಿರು, ದಿಢೀರ್ ಶುರು, ದಿಢೀರ್ ನಿಲುಗಡೆ, ಕೇಳದೆ ಬಿಟ್ಟ ಮಾತ್ರೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮೊದಲು ಪೆಟ್ಟು ತಿಂದೆ. ಪುಸ್ತಕ ಓದಿದ್ದು ಆಮೇಲೆ.

ನನಗೆ ಆಗ ನಲವತ್ತಾರು. ಊರಿನ ದೇವಸ್ಥಾನದ ಅಂಗಳದಲ್ಲಿ ಆರೋಗ್ಯ ಶಿಬಿರ ಇತ್ತು. ಹೆಂಡತಿಯನ್ನು ತೋರಿಸಲು ಹೋದವನು, ಸಾಲು ಖಾಲಿ ಇದೆಯಲ್ಲ ಅಂತ ನಾನೂ ತೋಳು ಚಾಚಿದೆ. ನರ್ಸಮ್ಮ ಪಟ್ಟಿ ಸುತ್ತಿ, ಬಲ್ಬು ಒತ್ತಿ, ಪಾದರಸದ ಗೀಟು ನೋಡಿದರು. ಏನೂ ಹೇಳದೆ ಇನ್ನೊಮ್ಮೆ ಒತ್ತಿದರು. '168/104. ತಲೆ ಸುತ್ತುತ್ತಾ?' ಅಂದರು. 'ಇಲ್ಲಮ್ಮ, ಚೆನ್ನಾಗಿಯೇ ಇದ್ದೀನಿ' ಅಂದೆ. 'ಅದೇ ತೊಂದರೆ' ಅಂದರು.

ಆ ಮಾತು ಅರ್ಥವಾಗಬೇಕಾದರೆ ನೀವು ಟೈರನ್ನು ನೆನೆಯಬೇಕು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕಬ್ಬಿಣದ ರಾಡಿನಿಂದ ಟೈರು ತಟ್ಟಿ ಸದ್ದು ಕೇಳುತ್ತೀರಿ. ಗಾಳಿ ಕಡಿಮೆಯಾದ ಟೈರು ಬೊದ್ದ ಸದ್ದು ಮಾಡಿ ತನ್ನ ಸಮಾಚಾರ ಹೇಳಿಬಿಡುತ್ತದೆ. ಗಾಳಿ ಜಾಸ್ತಿಯಾದದ್ದು ಗಟ್ಟಿಯಾಗಿ, ಜೋರಾಗಿ ಓಡುತ್ತಲೇ ಇರುತ್ತದೆ. ಸಿಡಿಯುವವರೆಗೂ ಅದಕ್ಕೆ ಕಾಯಿಲೆಯೇ ಇಲ್ಲ. ಬಿಪಿಯೂ ಹಾಗೇ. ಬಸ್ಸಿನ ಟೈರಿನಲ್ಲಿ ನೂರರ ಆಸುಪಾಸು ಪಿಎಸ್‌ಐ ಇರುತ್ತದಲ್ಲ, ಅದೇ ಲೆಕ್ಕದಲ್ಲಿ 120 ಅನ್ನುವ ಬಿಪಿ ಬರೀ ಎರಡೂಕಾಲು ಪಿಎಸ್‌ಐ ಚಿಲ್ಲರೆ. ಇಷ್ಟೇನಾ ಅನ್ನಬೇಡಿ. ಪಾದರಸದ ಬದಲು ಕೊಳವೆಯಲ್ಲಿ ನೀರು ತುಂಬಿದ್ದರೆ 120 ಅಂದರೆ ನೀರು ಐದಡಿ ನಾಲ್ಕಿಂಚು ಏರಿ ನಿಲ್ಲುತ್ತದೆ. ನನ್ನ 168ಕ್ಕೆ ಅದು ಏಳೂವರೆ ಅಡಿ, ನಮ್ಮ ಮನೆ ಬಾಗಿಲಿಗಿಂತ ಎತ್ತರ. ನರಕ್ಕೂ ಹೃದಯಕ್ಕೂ ಮೂತ್ರಪಿಂಡಕ್ಕೂ ಹಗಲೂ ರಾತ್ರಿ ಆ ಒತ್ತಡವನ್ನು ತಾಳಿಕೊಳ್ಳುವ ಕೆಲಸ. ಮೇಲಿನ ಅಂಕಿ 140, ಕೆಳಗಿನದು 90. ಬೇರೆ ಬೇರೆ ದಿನ ಅಳೆದರೂ ಇವೆರಡರಲ್ಲಿ ಒಂದಾದರೂ ಮೀರಿಯೇ ಇದ್ದರೆ ನಮ್ಮ ಕಡೆಯ ವೈದ್ಯರು ಅದನ್ನು ಬಿಪಿ ಕಾಯಿಲೆ ಅನ್ನುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಭಾರತದ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ಇದಿದೆ ಅಂದಿತು. ಸೀಟೆಲ್ಲ ತುಂಬಿದ ಬಸ್ಸಿನಲ್ಲಿ ಹದಿನೈದಕ್ಕಿಂತ ಹೆಚ್ಚು ಜನ ಅಂತ ಲೆಕ್ಕ ಹಾಕಿಕೊಳ್ಳಿ, ಡ್ರೈವರ್ ಕಂಡಕ್ಟರ್ ಬಿಟ್ಟು.

ವೈದ್ಯರು ಒಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ, ನಡೆಯಿರಿ ಅಂದರು. ನಾನು ನಕ್ಕೆ. 'ಡಾಕ್ಟ್ರೇ, ನಾನು ಕಂಡಕ್ಟರು. ದಿನಾ ನಡೆಯೋದೇ ನನ್ನ ಕೆಲಸ.'

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು, ನಮ್ಮ ವೃತ್ತಿಯದೇ ಕಥೆ. ಜಗತ್ತಿನ ವೈದ್ಯಶಾಸ್ತ್ರಕ್ಕೆ ವ್ಯಾಯಾಮದ ಬೆಲೆ ಲೆಕ್ಕ ಸಮೇತ ತೋರಿಸಿಕೊಟ್ಟವರು ಯಾರು ಗೊತ್ತೇ? ಬಸ್ಸಿನ ಡ್ರೈವರ್, ಕಂಡಕ್ಟರುಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಅನ್ನುವ ವೈದ್ಯರು ಅಲ್ಲಿನ ಸಾರಿಗೆ ಸಂಸ್ಥೆಯ ಸಾವಿರಾರು ನೌಕರರ ಆರೋಗ್ಯದ ದಾಖಲೆ ಜಾಲಾಡಿದರು. ಅಲ್ಲಿ ಡಬಲ್ ಡೆಕ್ಕರ್ ಬಸ್ಸು. ಡ್ರೈವರ್ ಪಾಳಿಯುದ್ದಕ್ಕೂ ಕೂತೇ ಇರುವವನು, ಕಂಡಕ್ಟರ್ ಮೇಲೆ ಕೆಳಗೆ ಹತ್ತಿ ಇಳಿದು ಟಿಕೆಟ್ ಕೊಡುವವನು, ದಿನಕ್ಕೆ ನೂರಾರು ಮೆಟ್ಟಿಲು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಡಾವಣೆಯ ಬದುಕು. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ, ಬಂದವರಲ್ಲಿ ಸಾಯುವವರೂ ಕಡಿಮೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ನಂಬಿದವರು ಕೆಲವರು. ಡ್ರೈವರ್ ಕೆಲಸಕ್ಕೆ ಸೇರುವವರೇ ದಪ್ಪಗಿರುತ್ತಾರೇನೋ ಅಂತ ಅನುಮಾನ ಬಂತು. ಮಾರಿಸ್ ಏನು ಮಾಡಿದರು ಅಂದರೆ, ಸಮವಸ್ತ್ರ ಹೊಲಿಸಿದ ಲೆಕ್ಕದ ಪುಸ್ತಕ ತರಿಸಿದರು! ಯಾರ ಪ್ಯಾಂಟಿನ ಸೊಂಟ ಎಷ್ಟು ಇಂಚು ಅಂತ ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ಸಣ್ಣ ಸೊಂಟದ ಡ್ರೈವರಿಗೂ ಕಂಡಕ್ಟರಿಗಿಂತ ಅಪಾಯ ಹೆಚ್ಚಿತ್ತು. 1956ರಲ್ಲಿ ಅದನ್ನೂ ಪ್ರಕಟಿಸಿದರು. ಸಮವಸ್ತ್ರದ ಅಳತೆ ಇಷ್ಟು ದೊಡ್ಡ ಕೆಲಸಕ್ಕೆ ಬಂದದ್ದು ಇನ್ನೆಲ್ಲೂ ನಾನು ಕೇಳಿಲ್ಲ. ಮಾರಿಸ್ ಮುಪ್ಪಿನಲ್ಲೂ ಈಜು, ನಡಿಗೆ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಹಾಗಾದರೆ ಕಂಡಕ್ಟರಾದ ನನಗೇಕೆ ಬಂತು? ಮೊದಲನೆಯದಾಗಿ, ನಮ್ಮದು ಡಬಲ್ ಡೆಕ್ಕರಲ್ಲ. ಬೆಂಗಳೂರಿನಲ್ಲಿ ಬಿಟಿಎಸ್ ಕಾಲದಲ್ಲಿ ಓಡುತ್ತಿದ್ದವು, ಅದೂ ಮುಗಿಯಿತು. ರಶ್ಶಿನಲ್ಲಿ ಎರಡು ಕಂಬದ ನಡುವೆ ಜೋಲಿ ಹೊಡೆಯುತ್ತಾ ಎಂಟು ಗಂಟೆ ನಿಲ್ಲುವುದು ನಡಿಗೆಯಲ್ಲ. ಅದರಿಂದ ಕಾಲಿನ ನರ ಊದಿಕೊಳ್ಳುತ್ತದೆಯೇ ಹೊರತು ಹೃದಯಕ್ಕೆ ಲಾಭವಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿ ರಶ್ಶು ಹೆಚ್ಚಿದ ಮೇಲಂತೂ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಬರುವುದೇ ಒಂದು ಯಾತ್ರೆ ಅಂತ ಈಗಿನ ಹುಡುಗರು ಹೇಳುತ್ತಾರೆ. ಎರಡನೆಯದಾಗಿ, ಬರೀ ನಡಿಗೆಯೊಂದೇ ಬಿಪಿ ತಡೆಯುವುದಿಲ್ಲ. ನೈಟ್ ಹಾಲ್ಟಿನ ನಾಲ್ಕು ಗಂಟೆ ನಿದ್ದೆ, ಲೆಕ್ಕ ತಪ್ಪೀತೆಂಬ ದಿಗಿಲು, ಅನ್ನಕ್ಕೆ ಉಪ್ಪಿನಕಾಯಿ, ನಾಲ್ಕು ಬಾರಿ ಚಹಾ, ಅದರ ಜೊತೆ ಒಂದು ಬೀಡಿ. ನನ್ನಪ್ಪನಿಗೂ ಬಿಪಿ ಇತ್ತು. ಇಷ್ಟೂ ಸೇರಿ 168.

ಮಾತ್ರೆ ನುಂಗಿದೆ. ಆದರೆ ವೈದ್ಯರು ಹೇಳಿದ ನಡಿಗೆ ನನಗೆ ಸಪ್ಪೆ ಅನ್ನಿಸಿತು. ಗಂಡಸಲ್ಲವೇ! ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿ ಜಿಮ್ಮಿಗೆ ಸೇರಿದೆ. ಮೊದಲ ವಾರವೇ ಕಾಲಿನಿಂದ ತೂಕ ತಳ್ಳುವ ಯಂತ್ರದಲ್ಲಿ ಮಲಗಿಸಿದರು. ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗ ಹಾಕಿಕೊಂಡಷ್ಟೇ ತೂಕ ನಾನೂ ಹಾಕಿಸಿಕೊಂಡೆ. ಹಲ್ಲು ಕಚ್ಚಿದೆ, ಹೊಟ್ಟೆ ಬಿಗಿದೆ, ಉಸಿರು ಗಂಟಲಲ್ಲಿ ಕಟ್ಟಿಕೊಂಡು ತಳ್ಳಿದೆ. ನಾಲ್ಕನೇ ಸಲಕ್ಕೆ ಕಿವಿಯಲ್ಲಿ ಗುಂಯ್ ಅಂದಿತು. ತಳ್ಳಿದ್ದನ್ನು ಬಿಟ್ಟು ದಢಕ್ಕನೆ ಎದ್ದೆ. ಎದ್ದದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ರಬ್ಬರ್ ಮ್ಯಾಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಆ ಹುಡುಗ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದ. ತಪ್ಪು ಜಿಮ್ಮಿನದಲ್ಲ. ಬಿಪಿ ಇದೆ ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ, ನಾಚಿಕೆ.

ಆಗಿದ್ದೇನು ಅಂತ ತಿಳಿದದ್ದು ಬಹಳ ದಿನದ ಮೇಲೆ. ಉಸಿರು ಕಟ್ಟಿ ಭಾರ ತಳ್ಳಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ಬಿಗಿದ ಸ್ನಾಯು ರಕ್ತನಾಳವನ್ನು ಹಿಸುಕುತ್ತದೆ, ಬಿಪಿ ಗಗನಕ್ಕೆ ಹಾರುತ್ತದೆ. ಭಾರ ಬಿಟ್ಟು ದಢಕ್ಕನೆ ಎದ್ದಾಗ ಅದೇ ಬಿಪಿ ಪಾತಾಳಕ್ಕೆ ಬೀಳುತ್ತದೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲು. 1985ರಲ್ಲಿ ಕೆನಡಾದ ಸಂಶೋಧಕರು ಗಟ್ಟಿಮುಟ್ಟಾದ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಸೂಜಿ ಇಟ್ಟು ಇದನ್ನು ಅಳೆದರು. ನಾನು ಮಾಡಿದಂಥದ್ದೇ, ಎರಡೂ ಕಾಲಿನಿಂದ ತೂಕ ತಳ್ಳುವ ಕೆಲಸದಲ್ಲಿ ಅವರ ಬಿಪಿ ಸರಾಸರಿ 320/250ಕ್ಕೆ ಏರಿತ್ತು. ಒಬ್ಬನದು 480/350 ದಾಟಿತ್ತು. ಅವರು ಎಳೆಯ ಪ್ರಾಯದವರು, ಆರೋಗ್ಯವಂತರು, ತಡೆದುಕೊಂಡರು. ಮೊದಲೇ 168 ಇರುವ, ನರ ಗಡುಸಾದ ನಲವತ್ತಾರರ ಕಂಡಕ್ಟರಿಗೆ ಇದು ಬೇಕಿತ್ತೇ?

ಮೆಕ್ಯಾನಿಕ್ ಬಂಧುಗಳೇ, ಇದು ಜಿಮ್ಮಿನ ಮಾತು ಅಂತ ಪುಟ ತಿರುವಬೇಡಿ. ಸ್ಟೆಪ್ನಿ ಎತ್ತುವಾಗ, ತುಕ್ಕು ಹಿಡಿದ ವೀಲ್ ನಟ್ಟಿನ ಮೇಲೆ ಸ್ಪ್ಯಾನರ್ ಹಾಕಿ ಮೈಭಾರ ಬಿಡುವಾಗ, ಕೆಟ್ಟು ನಿಂತ ಗಾಡಿ ತಳ್ಳುವಾಗ ನೀವು ಮಾಡುವುದು ಇದನ್ನೇ. ಹೇಳಲು ಸಂಕೋಚವಾದರೂ ಹೇಳುತ್ತೇನೆ, ಮಲಬದ್ಧತೆಯಾಗಿ ಕಕ್ಕಸಿನಲ್ಲಿ ತಿಣುಕುವುದೂ ಇದೇ. ಇದಕ್ಕೆ ನಮ್ಮ ಹಮಾಲರ ಹತ್ತಿರ ಮದ್ದಿದೆ. ಮೂಟೆ ಎತ್ತುವಾಗ ಅವರು 'ಐಸಾ' ಅಂತ ಕೂಗುತ್ತಾರಲ್ಲ, ಕೂಗಬೇಕಾದರೆ ಉಸಿರು ಹೊರಗೆ ಹೋಗಲೇಬೇಕು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮರೆತುಹೋಗುವುದಾದರೆ ಗಟ್ಟಿಯಾಗಿ ಎಣಿಸಿ. ಎಣಿಸುವವನು ಉಸಿರು ಕಟ್ಟಲಾರ. ತೂಕದ ವ್ಯಾಯಾಮವೇ ಬೇಡ ಅಂತಲ್ಲ, ಬೇಕು. ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹತ್ತು ಹದಿನೈದು ಸಲ ಸಲೀಸಾಗಿ ಎತ್ತಬಹುದಾದಷ್ಟು ಹಗುರ ತೂಕ, ನಡುವೆ ವಿಶ್ರಾಂತಿ. ಪಕ್ಕದವನ ತೂಕ ನೋಡಲೇಬಾರದು.

ಯೋಗದ ವಿಷಯದಲ್ಲೂ ಅದೇ ಸೂತ್ರ. ಜೂನ್ 21ರಂದು ಚಾಪೆ ಹಾಸಿ ಎಲ್ಲರ ಜೊತೆ ಕೂರುತ್ತೀರಿ, ಸಂತೋಷ. ಆದರೆ ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಕಪಾಲಭಾತಿ, ಭಸ್ತ್ರಿಕಾ, ಉಸಿರು ತಡೆದು ಕೂರುವ ಕುಂಭಕ, ಶೀರ್ಷಾಸನ ಬೇಡ. ಒಳ್ಳೆಯ ಯೋಗ ಶಿಕ್ಷಕರು ಇದನ್ನು ತಾವೇ ಹೇಳುತ್ತಾರೆ, ಹೇಳದಿದ್ದರೆ ನೀವು ಕೇಳಿ. ನಿಧಾನವಾದ, ಉದ್ದನೆಯ ಉಸಿರಾಟಕ್ಕೆ ಯಾರ ಅಡ್ಡಿಯೂ ಇಲ್ಲ.

ಬಿದ್ದೆದ್ದ ಮೇಲೆ ವೈದ್ಯರ ಹತ್ತಿರ ತಲೆ ತಗ್ಗಿಸಿ ಹೋದೆ. ಅವರು ಹಳೆಯ ಚೀಟಿಯ ಮೇಲೆ ಹಳೆಯದನ್ನೇ ಮತ್ತೆ ಬರೆದರು: ನಡಿಗೆ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಅರ್ಧ ಗಂಟೆ ಒಟ್ಟಿಗೆ ಎಲ್ಲಿ ಸಿಗುತ್ತದೆ ನಮಗೆ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಒಟ್ಟಿಗೇ ಬೇಕಿಲ್ಲ. ಹತ್ತು ನಿಮಿಷದಂತೆ ಮೂರು ಸಲವಾದರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಕಡಿಮೆ ಹೊತ್ತು ನಡೆದದ್ದೂ ವ್ಯರ್ಥವಲ್ಲ ಅಂತ 2020ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಾನು ಕಂಡುಕೊಂಡ ಮೈದಾನ ಯಾವುದು ಗೊತ್ತೇ? ನಮ್ಮ ಬಸ್ಸೇ. ಹನ್ನೆರಡು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಒಂದು ಸುತ್ತಿಗೆ ಮೂವತ್ತು ಮೀಟರಿಗೆ ಮೋಸವಿಲ್ಲ. ಸ್ಟಾಂಡಿನಲ್ಲಿ ಗಾಡಿ ಹಾಕಿ, ಟ್ರಾಫಿಕ್ ಕಂಟ್ರೋಲರ್ ಹತ್ತಿರ ಸಹಿ ಮಾಡಿಸಿ ಬಂದವನು ಚಹಾ ಅಂಗಡಿಗೆ ಹೋಗುವ ಬದಲು ಗಾಡಿಯ ಸುತ್ತ ಹತ್ತು ಸುತ್ತು ಹಾಕುತ್ತಿದ್ದೆ. ಮುನ್ನೂರು ಮೀಟರು, ನಾಲ್ಕು ನಿಮಿಷ. ಮೊದಲ ದಿನ ಡ್ರೈವರ್ ಕೇಳಿದ, 'ಏನಣ್ಣ, ಪ್ರದಕ್ಷಿಣೆನಾ?' ಮೂರನೇ ವಾರಕ್ಕೆ ಅವನೂ ಹಿಂದೆ ಬಂದ. ಗಾಡಿ ಹಿಂದಕ್ಕೆ ತೆಗೆಯುವ ಜಾಗದಲ್ಲಿ ಮಾತ್ರ ಈ ಪ್ರದಕ್ಷಿಣೆ ಬೇಡ, ಕಾಂಪೌಂಡಿನ ಅಂಚಿಗೆ ಹೋಗಿ.

ಎಷ್ಟು ಜೋರಾಗಿ ನಡೆಯಬೇಕು? ಕೈಗೆ ಕಟ್ಟುವ ವಾಚುಗಳು ನಾಡಿ ಬಡಿತ ತೋರಿಸುತ್ತವೆ, ಹುಡುಗರು ಅದನ್ನು ನಂಬಿ ಓಡುತ್ತಾರೆ. ಆದರೆ ಅಟೆನಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಲೆಕ್ಕ ಸುಳ್ಳಾಗುತ್ತದೆ. ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. 'ಇನ್ನೂ ನೂರಾಗಿಲ್ಲವಲ್ಲ' ಅಂತ ದೇಹವನ್ನು ಸಾಕುಮಾಡಿಕೊಳ್ಳುತ್ತಾರೆ. ಕಂಡಕ್ಟರಿಗೆ ವಾಚು ಯಾಕೆ ಬೇಕು? ನಾನು ನಡೆಯುತ್ತಾ ಸ್ಟಾಪುಗಳ ಹೆಸರು ಕೂಗುತ್ತೇನೆ. ಆಲೂರು, ಸಕಲೇಶಪುರ, ದೋಣಿಗಾಲ್, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಬಿ.ಸಿ.ರೋಡ್. ಮೂರು ನಾಲ್ಕು ಹೆಸರು ಒಂದೇ ಉಸಿರಿಗೆ ಬಂದರೆ ವೇಗ ಸರಿಯಾಗಿದೆ. ರಾಗ ಎಳೆದು ಹಾಡಲೂ ಆಗುತ್ತಿದ್ದರೆ ತೀರಾ ನಿಧಾನ, ಕಾಲು ಬೀಸಿ. ಸಕಲೇಶಪುರ ಅನ್ನುವಷ್ಟರಲ್ಲೇ ಏದುಸಿರು ಬಂದರೆ ಗೇರ್ ಇಳಿಸಿ. ದೇವರಾಣೆ, ಇದಕ್ಕಿಂತ ಒಳ್ಳೆಯ ಮೀಟರು ನನಗೆ ಸಿಕ್ಕಿಲ್ಲ.

ಗೇರ್ ಅಂದೆನಲ್ಲ, ಡ್ರೈವರುಗಳಿಗೆ ಇದು ಹೇಳಬೇಕಾಗಿಯೇ ಇಲ್ಲ. ತಣ್ಣಗಿರುವ ಇಂಜಿನ್ನನ್ನು ನೀವು ಟಾಪ್ ಗೇರಿನಲ್ಲಿ ಎಳೆಸುವುದಿಲ್ಲ, ಘಾಟಿ ಹತ್ತಿ ಬಂದ ಗಾಡಿಯನ್ನು ಒಮ್ಮೆಲೇ ಆಫ್ ಮಾಡುವುದೂ ಇಲ್ಲ. ನಿಮ್ಮ ಮೈಗೂ ಆ ಮರ್ಯಾದೆ ಕೊಡಿ. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷ ನಿಧಾನ. ನಡೆಯುವಾಗ ಕಾಲಿನ ರಕ್ತನಾಳಗಳು ಅಗಲವಾಗಿರುತ್ತವೆ. ಫಕ್ಕನೆ ನಿಂತುಬಿಟ್ಟರೆ ರಕ್ತ ಅಲ್ಲೇ ಉಳಿದು ತಲೆ ತಿರುಗುತ್ತದೆ. ಬಿಪಿ ಮಾತ್ರೆಗಳಲ್ಲಿ ಹಲವು ರಕ್ತನಾಳವನ್ನು ಅಗಲಿಸುವಂಥವೇ ಆದ್ದರಿಂದ ನಮಗೆ ಈ ಅಪಾಯ ಒಂದು ಕೈ ಹೆಚ್ಚು.

ಹೀಗೆ ನಡೆದರೆ ಎಷ್ಟು ಇಳಿಯುತ್ತದೆ? ದೊಡ್ಡ ಆಸೆ ತೋರಿಸಲಾರೆ. ಬಿಪಿ ಇರುವವರಲ್ಲಿ ಕ್ರಮವಾದ ನಡಿಗೆಯಿಂದ ಮೇಲಿನ ಅಂಕಿ ಸಾಮಾನ್ಯವಾಗಿ ಐದರಿಂದ ಎಂಟು ಅಂಕಿ ಇಳಿಯುತ್ತದೆ. 168 ಇದ್ದವನು 120ಕ್ಕೆ ಬರುವುದಿಲ್ಲ. ಅಷ್ಟಕ್ಕೇ ಇಷ್ಟೆಲ್ಲ ಯಾಕೆ ಅಂದರೆ, ಬಿಪಿ ಬರೀ ಐದು ಅಂಕಿ ಇಳಿದರೂ ಲಕ್ವ, ಹೃದಯಾಘಾತದಂಥ ಅನಾಹುತಗಳು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತವೆ. ಒಂದು ಸಲ ನಡೆದು ಬಂದ ಮೇಲೆ ಹಲವು ಗಂಟೆ ಬಿಪಿ ತಗ್ಗಿಯೇ ಇರುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ಎರಡೂವರೆ ಗಂಟೆ ನಡೆಯುವುದಕ್ಕಿಂತ ದಿನಾ ಸ್ವಲ್ಪ ನಡೆಯುವುದು ಮೇಲು. ರಕ್ತ ರಭಸವಾಗಿ ಹರಿದಾಗ ನಾಳದ ಒಳಪದರವೇ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಿಸಿ ನಾಳವನ್ನು ಸಡಿಲಿಸುತ್ತದಂತೆ. ಅದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಆ ಕಾರ್ಖಾನೆ ನಿಮ್ಮೊಳಗೇ ಇದೆ, ಓಡಿಸುವವರು ಬೇಕು.

ಈಚೆಗೆ ಹೊಸದೊಂದು ಬಂದಿದೆ, ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು. ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆ ಕೊಡುತ್ತಿದ್ದರಲ್ಲ, ಅದೇ. 2023ರಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ 270 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಇಂಥ ಅಲುಗಾಡದೆ ಹಿಡಿದು ನಿಲ್ಲುವ ವ್ಯಾಯಾಮ ನಡಿಗೆಗಿಂತಲೂ ಹೆಚ್ಚು, ಸುಮಾರು ಎಂಟು ಅಂಕಿ, ಇಳಿಸಿದ್ದು ಕಂಡಿತು. ಎರಡು ನಿಮಿಷ ಹಿಡಿಯುವುದು, ಬಿಟ್ಟು ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ನಾನು ಮಾಡಿ ನೋಡಿದೆ. ನಲವತ್ತನೇ ಸೆಕೆಂಡಿಗೆ ತೊಡೆ ಗಡಗಡ ನಡುಗಿತು, ಬಾಯಿ ತಾನಾಗಿಯೇ ಮುಚ್ಚಿಕೊಂಡು ಉಸಿರು ಕಟ್ಟಿತು. ಅಲ್ಲೇ ಇರುವುದು ಹಳ್ಳ. ಹಿಡಿದಿರುವಾಗ ಬಿಪಿ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಆದ್ದರಿಂದ ಬಿಪಿ ಹತೋಟಿಗೆ ಬಂದವರು ಮಾತ್ರ, ವೈದ್ಯರನ್ನು ಕೇಳಿಕೊಂಡು, ಗೋಡೆಯ ಮೇಲೆ ಸ್ವಲ್ಪ ಎತ್ತರದಲ್ಲೇ ಕೂತು, ಗಟ್ಟಿಯಾಗಿ ಎಣಿಸುತ್ತಾ ಮಾಡಿ. ಮಂಡಿ ನೋವಿನವರಿಗೆ ಬೇಡ. ನನಗಂತೂ ನಡಿಗೆಯೇ ಒಗ್ಗಿತು.

ಇನ್ನು ಮಾತ್ರೆಯ ವಿಷಯ. ನನ್ನ ಜೊತೆ ಹನ್ನೊಂದು ವರ್ಷ ಗಾಡಿ ಓಡಿಸಿದ ಗೆಳೆಯನೊಬ್ಬ, ಬಂಗಾರದಂಥ ಡ್ರೈವರು, ನನ್ನ ಹಿಂದೆ ಬಸ್ಸು ಸುತ್ತಿದವನು ಅವನೇ. ಆರು ತಿಂಗಳಲ್ಲಿ ಅವನ ಬಿಪಿ 130ರ ಆಸುಪಾಸಿಗೆ ಬಂತು. 'ಇನ್ಯಾಕೆ ಮಾತ್ರೆ, ನಡೀತಿದ್ದೀನಲ್ಲ' ಅಂತ ಬಿಟ್ಟ. ನನಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬನಿಯನ್ ತೊಡುವಾಗ ಎಡಗೈ ಏಳಲಿಲ್ಲ. ಈಗ ಅವನು ಕೋಲು ಹಿಡಿದು ನಡೆಯುತ್ತಾನೆ, ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಬಿಪಿ ಇಳಿದದ್ದು ಮಾತ್ರೆ ಮತ್ತು ನಡಿಗೆ ಎರಡೂ ಸೇರಿ. ಇಳಿದಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ. ಕಡಿಮೆ ಮಾಡಬೇಕಾದರೆ ಬರೆದುಕೊಟ್ಟವರೇ ಮಾಡಲಿ.

ಮೂತ್ರ ಹೆಚ್ಚಿಸುವ 'ನೀರಿನ ಮಾತ್ರೆ' ತೆಗೆದುಕೊಂಡರೆ ದಾರಿಯಲ್ಲಿ ಅವಸರವಾಗುತ್ತದೆಂದು ಡ್ಯೂಟಿ ದಿನ ಅದನ್ನು ನುಂಗದವರು ಎಷ್ಟು ಜನ ಅಂತ ನನಗೆ ಗೊತ್ತು. ಕಂಡಕ್ಟರ್ ಅಕ್ಕತಂಗಿಯರ ಕಷ್ಟ ಇನ್ನೂ ದೊಡ್ಡದು. ಶೌಚಾಲಯ ಸಿಗದೆ ಬೆಳಗಿನಿಂದ ನೀರನ್ನೇ ಕುಡಿಯದೆ ಸಂಜೆಯವರೆಗೆ ನಿಲ್ಲುತ್ತೀರಿ. ಅದರ ಮೇಲೆ ಬಿಸಿಲಲ್ಲಿ ನಡಿಗೆಯೂ ಸೇರಿದರೆ ತಲೆ ಸುತ್ತಿ ಬೀಳುವುದೇ. ಪಾಳಿಯ ವೇಳೆಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಮಾತ್ರೆಯ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಬಹುದೇ ಅಂತ ಅವರೇ ನೋಡುತ್ತಾರೆ. ಮತ್ತೊಂದು, ಸೊಂಟ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಪಿಯನ್ನು ಏರಿಸುತ್ತವೆ, ನೀರಿನ ಮಾತ್ರೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಪೆಟ್ಟು. ಸೀಟಿನ ಮೇಲೆ ಕೂತೂ ಕೂತೂ ಬಂದ ನೋವಿಗೆ ಎದ್ದು ನಡೆಯುವುದೇ ಅರ್ಧ ಮದ್ದು.

ಯಾವಾಗ ನಡೆಯಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೂತಿರುವಾಗಲೇ ಬಿಪಿ 180/110 ಮೀರಿದ್ದರೆ ಆ ದಿನ ವ್ಯಾಯಾಮವಿಲ್ಲ, ವೈದ್ಯರ ಬಳಿಗೆ ನಡೆಯಿರಿ. ಅದರ ಜೊತೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜು, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು ಇದ್ದರೆ ಬಸ್ಸಿಗೂ ಆಟೊಗೂ ಕಾಯದೆ 108ಕ್ಕೆ ಫೋನ್ ಮಾಡಿ. ನಡೆಯುತ್ತಿರುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಣ್ಣನೆ ಬೆವರು ಬಂದರೆ ಗ್ಯಾಸು ಅಂತ ಸೋಡಾ ಕುಡಿಯಬೇಡಿ. ರಾತ್ರಿಯಿಡೀ ಗಾಡಿ ಓಡಿಸಿ ಬಂದವರು ಮೊದಲು ಮಲಗಿ, ನಡಿಗೆ ಆಮೇಲೆ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೋ ಇಳಿದ ಮೇಲೋ. ಸಕಲೇಶಪುರದ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಸ್ವಲ್ಪ ತಡವಾಗಿ. ಚಳಿಗೆ ರಕ್ತನಾಳ ಬಿಗಿಯುತ್ತದೆ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಮೊದಲೇ ಇದ್ದವರು, ಹತ್ತು ವರ್ಷದಿಂದ ಮೈ ಬಗ್ಗಿಸದವರು ಒಮ್ಮೆ ತೋರಿಸಿಕೊಂಡೇ ಶುರುಮಾಡಿ.

ಅಳೆಯುವುದರಲ್ಲೂ ನಾವು ಅವಸರದವರು. ಗಾಡಿ ಇಳಿದು, ಮೆಟ್ಟಿಲು ಹತ್ತಿ, ಚಹಾ ಕುಡಿದು, ಮೂತ್ರ ಕಟ್ಟಿಕೊಂಡು, ಮೊಬೈಲಿನಲ್ಲಿ ಮಾತಾಡುತ್ತಲೇ ತೋಳು ಕೊಡುತ್ತೇವೆ. ಆಮೇಲೆ ಮಷಿನ್ ಸರಿಯಿಲ್ಲ ಅನ್ನುತ್ತೇವೆ. ಚಹಾ, ಬೀಡಿ, ನಡಿಗೆ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟಕ್ಕಿರಲಿ, ಪಟ್ಟಿ ಬರಿ ತೋಳಿಗೆ ಸುತ್ತಲಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಇದಕ್ಕೆ ಒಂದು ಪೈಸೆಯೂ ಕೇಳುವುದಿಲ್ಲ.

ಡ್ಯೂಟಿ ಪಟ್ಟಿ, ವಾರದ ರಜೆ, ಸ್ಟಾಂಡಿನ ಶೌಚಾಲಯ, ಇವೆಲ್ಲ ಸರಿಯಾಗದೆ ಬರೀ ನೌಕರನಿಗೆ ಬುದ್ಧಿ ಹೇಳುವುದು ಅನ್ಯಾಯ ಅಂತ ನೀವು ಬೈಯಬಹುದು. ಬೈಯಿರಿ, ನಿಮ್ಮ ಮಾತು ನಿಜ. ಆ ಪತ್ರ ಬೇರೆಯವರಿಗೆ ಬರೆಯಬೇಕಾದದ್ದು, ಬರೆಯುತ್ತೇನೆ. ಅದಕ್ಕೆ ಉತ್ತರ ಬರುವವರೆಗೆ ನೀವು ಬಸ್ಸು ಸುತ್ತುತ್ತಿರಿ.

ಮುಂದಿನ ರಜೆಯ ದಿನ ಮೊದಲು ತೋಳು ಚಾಚಿ ನಿಮ್ಮ ಅಂಕಿ ಬರೆಸಿಕೊಳ್ಳಿ. ಚೀಟಿಯನ್ನು ಲೈಸೆನ್ಸಿನ ಜೊತೆ ಜೇಬಿನಲ್ಲಿಡಿ. ಆಮೇಲೆ ಹತ್ತು ನಿಮಿಷ, ಉಸಿರು ಕಟ್ಟದೆ, ಸ್ಟಾಪುಗಳ ಹೆಸರು ಕೂಗುತ್ತಾ ನಡೆಯಿರಿ. ನನ್ನದು ಇವತ್ತು ಬೆಳಿಗ್ಗೆ 132/82, ಒಂದು ಮಾತ್ರೆ ಇನ್ನೂ ನಡೆಯುತ್ತಿದೆ.

ಇಂತಿ ನಿಮ್ಮವನೇ ಆದ
ಒಬ್ಬ ನಿವೃತ್ತ ಕಂಡಕ್ಟರ್